ಹಳ್ಳವು ಬತ್ತಿದ ಕಾಲ

(ಓದತಕ್ಕ ವೇದಭಾಗ: 1 ಅರಸುಗಳು, 17ರಿಂದ 19ನೆಯ ಅಧ್ಯಾಯಗಳು)



ದೀಕ್ಷಾಸ್ನಾನ ಹೊಂದಿ ಎರಡು ಮೂರು ವರುಷಗಳಾದ ಮೇಲೆ ನಮ್ಮ ಗ್ರಾಮಸಭೆಗಳಲ್ಲಿ ಅನೇಕರು ಹೇಳುವ ಮಾತೊಂದುಂಟು: “ಉಪದೇಶಿಯವರೇ, ಮೊದಲಿದ್ದ ಸಂತೋಷವು ಈಗಿಲ್ಲ. ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತೇ ಹೊರಡದು. ದೇವರು ನಮ್ಮನ್ನು ಬಿಟ್ಟನೋ ಏನೋ.” ಇಂಥ ವೇಳೆಯಲ್ಲಿಯೇ ನೆಂಟರು ಬಂದು, ಮನೆದೇವರನ್ನು ಬಿಟ್ಟದ್ದರಿಂದಲೇ ಹೀಗಾಯಿತೆಂದು ಕಿವಿಯಲ್ಲಿ ಊದುತ್ತಾರೆ. ಮನೆಯವರು ಒಂದು ಭಾನುವಾರ ತಪ್ಪಿಸಿ, ಮತ್ತೊಂದು ತಪ್ಪಿಸಿ, ಕಡೆಗೆ ಆರಾಧನೆಗೆ ಬಾರದೆ ಹೋಗುತ್ತಾರೆ. ಆದಕಾರಣ ಪ್ರವಾದಿಯಾದ ಎಲೀಯನ ಚರಿತ್ರೆಯನ್ನು ಈ ತಿಂಗಳು ವಿಚಾರಿಸೋಣ.

ಮೊದಲು ಆ ದೇಶದ ಮಳೆಯ ಸಂಗತಿ. ಇಸ್ರಾಯೇಲ್ ದೇಶದಲ್ಲಿ ಮೇ ತಿಂಗಳು ಕಳೆದರೆ ಸೆಪ್ಟೆಂಬರಿನ ವರೆಗೆ ಸಾಧಾರಣವಾಗಿ ಮಳೆಯೇ ಇಲ್ಲ. ವೇದದಲ್ಲಿ ಮುಂಗಾರೆಂದು ಓದುವ ಮಳೆಯು ಅಲ್ಲಿ ಅಕ್ಟೋಬರ್ ನವೆಂಬರಿನಲ್ಲಿ ಬಿದ್ದು, ಗಟ್ಟಿಯಾದ ನೆಲವನ್ನು ಬಿತ್ತನೆಗೆ ಮೆತ್ತಗೆ ಮಾಡುತ್ತದೆ. ಹಿಂಗಾರು ಮಾರ್ಚ್ ಏಪ್ರಿಲಿನಲ್ಲಿ ಬಂದು ಗೋಧಿಯ ಕಾಳನ್ನು ತುಂಬಿಸುತ್ತದೆ. ಹೆಸರು ನಮ್ಮದೇ, ತಿಂಗಳು ಬೇರೆ. ಇವೆರಡೂ ತಪ್ಪಿದರೆ ಅಲ್ಲಿ ಅನ್ನವಿಲ್ಲ. ಅರಸನಾದ ಅಹಾಬನು ಪೂಜಿಸಿದ ಬಾಳನು ಮಳೆಗೂ ಸಿಡಿಲಿಗೂ ಒಡೆಯನೆಂದು ಆ ಸೀಮೆಯವರು ನಂಬಿದ್ದರೆಂಬುದು, 1929ರಿಂದ ಸಿರಿಯದ ರಾಸ್ ಶಮ್ರದಲ್ಲಿ ಅಗೆದು ತೆಗೆದ ಮಣ್ಣಿನ ಹಲಗೆಗಳಿಂದ ತಿಳಿದುಬಂದಿದೆ. ಹೀಗಿರಲಾಗಿ, ಮಳೆ ಬಾರದೆಂದು ಎಲೀಯನು ಸಾರಿದ್ದು ಮಳೆ ಕೊಡುವವನು ಯಾರೆಂಬ ವ್ಯಾಜ್ಯವೇ ಆಗಿತ್ತು.

ಈಗ ಬಹಳವಾಗಿ ಗಮನಿಸತಕ್ಕ ಮಾತು. ಎಲೀಯನು ಕೆರೀತ್ ಹಳ್ಳದ ಬಳಿಗೆ ತನ್ನಿಷ್ಟದಿಂದ ಹೋದವನಲ್ಲ. ದೇವರೇ ಕಳುಹಿಸಿದನು, ಕಾಗೆಗಳ ಮೂಲಕ ಆಹಾರವನ್ನೂ ಕೊಟ್ಟನು. ಆದಾಗ್ಯೂ ಆ ಹಳ್ಳವು ಬತ್ತಿಹೋಯಿತು. ಪಾಪ ಮಾಡಿದವನು ಅಹಾಬನು. ನೀರು ಬತ್ತಿದ್ದು ವಿಧೇಯನಾದ ಪ್ರವಾದಿಯ ಮುಂದೆ. ಆದುದರಿಂದ ಒಬ್ಬನ ಮನಸ್ಸು ಒಣಗಿದೆಯೆಂದ ಮಾತ್ರಕ್ಕೆ ಅವನು ದಾರಿ ತಪ್ಪಿದನೆಂದು ತೀರ್ಪು ಹೇಳುವುದು ನ್ಯಾಯವಲ್ಲ. ಪಾಪವನ್ನು ಮುಚ್ಚಿಡುವುದರಿಂದ ಬರುವ ಒಣಗುವಿಕೆಯೂ ಉಂಟು, ಸುಳ್ಳಲ್ಲ. 32ನೆಯ ಕೀರ್ತನೆಯಲ್ಲಿ ದಾವೀದನು ಅದನ್ನೇ ಹೇಳುತ್ತಾನೆ. ಅಂಥವನು ಅರಿಕೆಮಾಡಲಿ. ಅಡಗಿಸಿಟ್ಟದ್ದು ಏನೂ ಇಲ್ಲದವನು ಇಲ್ಲದ ಪಾಪವನ್ನು ಹುಡುಕುತ್ತಾ ನವೆಯುವುದು ಬೇಡ.

ಹಾಗಾದರೆ ಅಂಥವನು ಮಾಡತಕ್ಕದ್ದೇನು? ಎರೆಭೂಮಿಯ ಒಕ್ಕಲಿಗರಿಗೆ ಇದು ತಿಳಿಯದ್ದಲ್ಲ. ಹಿಂಗಾರಿನಲ್ಲಿ ಬಿತ್ತಿದ ಬಿಳಿಜೋಳವು ಆಮೇಲೆ ಒಂದು ಒಳ್ಳೆಯ ಮಳೆಯನ್ನೂ ಕಾಣದೆ, ಚಳಿಗಾಲದಲ್ಲಿ ಬೆಳೆದು ತೆನೆ ಹಾಕುವ ವರುಷಗಳುಂಟು. ಅದು ಬದುಕುವುದು ಕಪ್ಪುಮಣ್ಣು ಮಳೆಗಾಲದಲ್ಲಿ ಕುಡಿದಿಟ್ಟುಕೊಂಡ ತೇವದಿಂದ. ಮೇಲೆ ನೋಡಿದರೆ ನೆಲವೆಲ್ಲಾ ಬಿರುಕು, ಬೇರು ಇರುವಲ್ಲಿ ತೇವ. ಒಕ್ಕಲಿಗನು ಬಿರುಕನ್ನು ಕಂಡು ಹೊಲ ಬಿಟ್ಟುಹೋಗುವುದಿಲ್ಲ. ಎಡೆಕುಂಟೆ ಹೊಡೆದು ಬಿರುಕನ್ನು ಮುಚ್ಚಿ, ಒಳಗಿನ ತೇವವು ಆರಿಹೋಗದಂತೆ ನೋಡಿಕೊಳ್ಳುತ್ತಾನೆ. ನಿಮ್ಮೊಳಗೂ ಹಿಂದಣ ಮಳೆಯ ತೇವವುಂಟು: ಬಾಯಿಪಾಠ ಮಾಡಿದ ವಚನಗಳು, ಕಲಿತ ಕೀರ್ತನೆಗಳು, ದೀಕ್ಷಾಸ್ನಾನದ ದಿನ ಕೊಟ್ಟ ಉತ್ತರಗಳು. ರುಚಿ ಹತ್ತದಿದ್ದರೂ ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲರೂ ಕೂಡಿ ಒಂದು ಅಧ್ಯಾಯವನ್ನು ಓದಿರಿ. ಓದಲು ಬಾರದವರು ಕರ್ತನ ಪ್ರಾರ್ಥನೆಯನ್ನಾದರೂ ಹೇಳಿರಿ. ಚಾರೆಪ್ತದ ವಿಧವೆಯ ಮಡಕೆಯು ಒಮ್ಮೆಗೇ ತುಂಬಿ ತುಳುಕಿತೆಂದು ಬರೆದಿಲ್ಲ. ಹಿಟ್ಟು ತೀರಲಿಲ್ಲವೆಂದು ಮಾತ್ರ ಬರೆದದೆ.

ಮೂರು ವರುಷ ಆರು ತಿಂಗಳು ಮಳೆಯಿರಲಿಲ್ಲವೆಂದು ಯಾಕೋಬನ ಪತ್ರಿಕೆಯಲ್ಲಿದೆ. ಕರ್ಮೆಲ್ ಬೆಟ್ಟದ ಮೇಲೆ ಸೇವಕನು ಏಳನೆಯ ಸಾರಿ ಸಮುದ್ರದ ಕಡೆಗೆ ನೋಡಿದಾಗ ಅಂಗೈಯಷ್ಟು ಮೋಡವು ಕಂಡಿತು. ದೊಡ್ಡ ಮಳೆ ಬಂದಿತು. ಅಲ್ಲಿಗೆ ಕಷ್ಟವೆಲ್ಲಾ ತೀರಿತೆಂದು ನಾವು ಎಣಿಸುತ್ತೇವೆ. ಆದರೆ ಅದೇ ಎಲೀಯನು ರಾಣಿಯ ಬೆದರಿಕೆಗೆ ಅಂಜಿ ಓಡಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾವನ್ನು ಬೇಡಿಕೊಂಡನು! ದೇಶಕ್ಕೆ ಮಳೆಗಾಲ, ಪ್ರವಾದಿಗೆ ಬೇಸಿಗೆ. ಆಗ ದೂತನು, “ನಿನ್ನ ನಂಬಿಕೆ ಚಿಕ್ಕದು” ಎಂದು ಗದರಿಸಲಿಲ್ಲ. ರೊಟ್ಟಿಯನ್ನೂ ನೀರನ್ನೂ ತಂದಿಟ್ಟು ಎಬ್ಬಿಸಿದನು. ಎಲೀಯನು ತಿಂದು ತಿರಿಗಿ ಮಲಗಿದಾಗ ಮಲಗಗೊಟ್ಟನು. ದಣಿದವರ ಮನೆಗೆ ಹೋಗಿ ಮೊದಲ ಮಾತಿನಲ್ಲೇ ಬುದ್ಧಿ ಹೇಳಲಾರಂಭಿಸುವ ಸಭೆಯ ಹಿರಿಯರು ಈ ವಚನಗಳನ್ನು ಎರಡು ಸಾರಿ ಓದಬೇಕು. ಒಂದು ಸೇರು ಹಿಟ್ಟನ್ನು ಕಟ್ಟಿಕೊಂಡು ಹೋದರೆ ಇನ್ನೂ ಒಳ್ಳೇದು.

ಹೋರೇಬಿನಲ್ಲಿ ದೇವರು ಮೆಲ್ಲನೆಯ ಶಬ್ದದಿಂದ ಮಾತಾಡಿ, ಬಾಳನಿಗೆ ಮೊಣಕಾಲೂರದ 7,000 ಜನರು ಉಳಿದಿರುವರೆಂದು ತಿಳಿಸಿದನು. ಮಾಡತಕ್ಕ ಕೆಲಸವನ್ನೂ ಒಪ್ಪಿಸಿದನು. ತಾನೊಬ್ಬನೇ ಉಳಿದೆನೆಂದು ಅತ್ತವನು ಅಲ್ಲಿಂದ ಇಳಿದು ಬರುವಾಗ ಶಾಫಾಟನ ಮಗನಾದ ಎಲೀಷನನ್ನು ಕಂಡನು. ಮಳೆ ಬಿದ್ದ ದೇಶದಲ್ಲಿ ಹನ್ನೆರಡು ಜೋಡಿ ಎತ್ತುಗಳು ಹೊಲದಲ್ಲಿದ್ದವು. ಎಲೀಷನು ಹನ್ನೆರಡನೆಯ ಜೋಡಿಯನ್ನು ಹೊಡೆಯುತ್ತಾ ಉಳುತ್ತಿದ್ದನು.