ಬಾಡು ಆಗದವರು ಪೊಟ್ಟಣ ಓದುವುದು ಹೇಗೆ?

ಎರಡು ವರ್ಷ ನಾನು ಸುಮ್ಮಸುಮ್ಮನೆ ಬದನೆಕಾಯಿ ಬಿಟ್ಟಿದ್ದೆ. ಕೆ.ಆರ್.ಪೇಟೆ ಕಡೆಯ ನೆಂಟರ ಮನೆಯಲ್ಲಿ ರಾತ್ರಿ ಬಾಡೂಟ ಮುಗಿಸಿ ಮಲಗಿದವನಿಗೆ ನಡುರಾತ್ರಿ ಮೈಯೆಲ್ಲ ದದ್ದು, ತುರಿಕೆ, ಹೊಟ್ಟೆನೋವು. "ಬದ್ನೆಕಾಯಿ ನಂಜು ಕಣ್ಲಾ" ಅಂದರು ಅವ್ವ. ಬಿಟ್ಟರೂ ಮುಂದಿನ ಹಬ್ಬಕ್ಕೆ ಅದೇ ಕತೆ. ಮೂರನೇ ಸಲ ಉಸಿರು ಕಟ್ಟಿ ಆಸ್ಪತ್ರೆ ಸೇರಿದೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು: ಆಲ್ಫಾ-ಗ್ಯಾಲ್ ಅಲರ್ಜಿ.

ಏನಿದು?

ಕುರಿ, ಮೇಕೆ, ಹಂದಿ, ದನಗಳ ಮಾಂಸದಲ್ಲಿ ಆಲ್ಫಾ-ಗ್ಯಾಲ್ ಎಂಬ ಸಕ್ಕರೆ ಅಂಶವಿದೆ. ಮನುಷ್ಯರಲ್ಲಿಲ್ಲ. ಕೆಲವು ಜಾತಿಯ ಉಣ್ಣೆ ಕಚ್ಚಿದ ಮೇಲೆ ಕೆಲವರ ದೇಹ ಇದನ್ನು ವೈರಿಯೆಂದು ತಿಳಿಯುತ್ತದೆ. 2009ರಲ್ಲಿ ಅಮೆರಿಕ, ಆಸ್ಟ್ರೇಲಿಯಾದ ವೈದ್ಯರು ಇದನ್ನು ವರದಿ ಮಾಡಿದರು. ತೊಂದರೆ ಕಾಣುವುದು ತಿಂದ 2ರಿಂದ 6 ಗಂಟೆ ನಂತರ. ಅದಕ್ಕೇ ಬಾಡಿನ ಮೇಲೆ ಅನುಮಾನ ಬರುವುದಿಲ್ಲ. ಕೋಳಿ, ಮೀನು, ಮೊಟ್ಟೆಯಲ್ಲಿ ಈ ಅಂಶವಿಲ್ಲ.

ಪೊಟ್ಟಣದ ಗುರುತು

ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಮಾಂಸ, ಕೊಬ್ಬು, ಜೆಲಟಿನ್ ಸೇರಿಸುವಂತಿಲ್ಲ. ಆದರೆ ಹಾಲು ಇರಬಹುದು. ಈ ಅಲರ್ಜಿಯ ಕೆಲವರಿಗೆ ಹಾಲು, ತುಪ್ಪವೂ ಆಗದು. ಅವರು ಹಾಲಿನ ಪುಡಿ, ವೇ, ಕೇಸಿನ್ ಇದೆಯೇ ಎಂದೂ ನೋಡಬೇಕು. ನನಗೆ ಹಾಲು ಒಗ್ಗುತ್ತದೆ.

ಕಂದು ತ್ರಿಕೋನವಿದ್ದರೆ ಮಾಂಸಾಹಾರ. ಅದು ಮೊಟ್ಟೆಯೋ ಹಂದಿ ಕೊಬ್ಬೋ ಗುರುತಿನಿಂದ ತಿಳಿಯದು, ಪಟ್ಟಿ ಓದಲೇಬೇಕು. ನೋಡಬೇಕಾದ ಪದಗಳು: ಮಟನ್, ಬೀಫ್, ಪೋರ್ಕ್, ಲಾರ್ಡ್ (ಹಂದಿ ಕೊಬ್ಬು), ಟ್ಯಾಲೋ (ದನ-ಕುರಿ ಕೊಬ್ಬು), ಜೆಲಟಿನ್ (ಚರ್ಮ, ಮೂಳೆಯಿಂದ ತೆಗೆದದ್ದು). ಜೆಲ್ಲಿ ಮಿಠಾಯಿಯಲ್ಲಿ ಜೆಲಟಿನ್ ಇರಬಹುದು. ಪಟ್ಟಿ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಹೈಸ್ಕೂಲಿನ ಮಗಳಿಂದ ಈ ಪದಗಳ ಚೀಟಿ ಬರೆಸಿ ಜೇಬಲ್ಲಿಟ್ಟಿದ್ದೇನೆ. ಪಾಂಡವಪುರದ ಅಂಗಡಿಯಲ್ಲಿ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತೇನೆ.

"ಅಲರ್ಜಿ ಎಚ್ಚರಿಕೆ" ಸಾಲನ್ನಷ್ಟೇ ನಂಬಬೇಡಿ. ಅಲ್ಲಿ ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ ಮುಂತಾದವನ್ನು ಹೇಳಬೇಕೆಂಬ ನಿಯಮವಿದೆ. ಕುರಿ, ಹಂದಿ ಮಾಂಸ ಆ ಪಟ್ಟಿಯಲ್ಲಿಲ್ಲ.

ಔಷಧ, ಹೋಟೆಲು

ಮಾತ್ರೆಯ ಕ್ಯಾಪ್ಸೂಲ್ ಸಿಪ್ಪೆ ಸಾಮಾನ್ಯವಾಗಿ ಜೆಲಟಿನ್ನಿನದು. ಔಷಧ, ಲಸಿಕೆಗೆ ಮೊದಲು ವೈದ್ಯರಿಗೆ ಅಲರ್ಜಿ ವಿಷಯ ಹೇಳಿ. ಶ್ರೀರಂಗಪಟ್ಟಣದ ಹೋಟೆಲಿನಲ್ಲಿ ಮೀನು ತಿನ್ನುವಾಗಲೂ ಕೇಳುತ್ತೇನೆ: ಬಾಣಲೆ, ಎಣ್ಣೆ, ಸೌಟು ಬೇರೆಯೇ?

ಉಣ್ಣೆ ಕಚ್ಚದಂತೆ

ನಾಗಮಂಗಲದಿಂದ ತಂದ ನನ್ನ ಕುರಿಗಳನ್ನು ಮಾರಿಲ್ಲ. ಆದರೆ ಮತ್ತೆ ಮತ್ತೆ ಕಚ್ಚಿಸಿಕೊಂಡರೆ ಅಲರ್ಜಿ ಜೋರಾಗಬಹುದು. ಕೊಟ್ಟಿಗೆಯಿಂದ ಬಂದೊಡನೆ ಮಂಡಿಯ ಹಿಂದೆ, ಕಂಕುಳು, ಸೊಂಟ ನೋಡಿಕೊಳ್ಳುತ್ತೇನೆ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಬೇಕು. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ.

ತುರಿಕೆಯೆಲ್ಲ ಈ ಅಲರ್ಜಿಯಲ್ಲ. ಪರೀಕ್ಷೆ ಮಾಡಿಸಿಯೇ ಬಾಡು ಬಿಡಿ. ಉಸಿರು ಕಟ್ಟಿದರೆ, ತಲೆಸುತ್ತಿ ಬಿದ್ದರೆ ಬೆಳಗಾಗಲೆಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಅಂದಹಾಗೆ, ಬದನೆಕಾಯಿ ಈಗ ಧಾರಾಳವಾಗಿ ತಿನ್ನುತ್ತಿದ್ದೇನೆ.