ಹೆಡ್ಡಿನ ಸಂದಿಗೆ ಪೇಸ್ಟ್ ಯಾಕೆ ನಿಲ್ಲೋದಿಲ್ಲ?

ದಾಸನಕೊಪ್ಪದ ನಮ್ಮ ದೊಡ್ಡಪ್ಪನ ಹತ್ತಿರ ಹಳೇ ಯೆಜ್ಡಿ 250 ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದ್ದು; ಆ ಕಾರ್ಖಾನೆ 1996ರಲ್ಲೇ ನಿಂತಿದೆ. ರಜೆಗೆ ಹೋದಾಗ, "ತಮ್ಮಾ, ಗಾಡಿ ಉಸ್ರು ಬಿಡಾಕತ್ತೈತಿ. ಇಂಜಿನಿಯರಿಂಗ್ ಓದಾಕತ್ತೀಯಲ್ಲ, ನೋಡು" ಅಂದರು. ಕಿಕ್ ಹೊಡೆದರೆ ಹೆಡ್ಡಿನ ಬುಡದಲ್ಲಿ ಚುಸ್ ಚುಸ್. ಫಿನ್ನುಗಳ ಮೇಲೆ ಕಪ್ಪು ಎಣ್ಣೆಯ ಜಾಡು. ಸೋಪಿನ ನೀರು ಹಚ್ಚಿದೆ, ಗುಳ್ಳೆ ಬಂತು. ಹೆಡ್ ಬಿಚ್ಚಿ ಸಿಲಿಕಾನ್ ಪೇಸ್ಟ್ ಮೆತ್ತಿ, ಕೈಯಳತೆಯಲ್ಲೇ ಬಿಗಿದೆ.

ಮರುದಿನ ದೊಡ್ಡಪ್ಪ ಅನಾನಸ್ ಹೇರಿಕೊಂಡು ಶಿರಸಿಗೆ ಹೊರಟರು. ಅರ್ಧ ದಾರಿಯಿಂದಲೇ ಫೋನ್ ಬಂತು. ಹಣ್ಣು ಬೇರೆಯವರ ಟೆಂಪೋದಲ್ಲಿ ಹೋಯಿತು, ಬಾಡಿಗೆ ದೊಡ್ಡಪ್ಪನ ತಲೆಗೆ.

ಮೊದಲೇ ಮಾಡಬೇಕಿದ್ದ ಲೆಕ್ಕ ಇಷ್ಟೇ. ಬೋರ್ 65 ಮಿಮೀ, ಅಂದರೆ ವಿಸ್ತೀರ್ಣ ಸುಮಾರು 33 ಚದರ ಸೆಂಮೀ. ಉರಿಯುವಾಗಿನ ಗರಿಷ್ಠ ಒತ್ತಡ 35 ಬಾರ್ ಅಂತ ಹಿಡಿಯಿರಿ. ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ ಒಂದು ಟನ್ನಿಗೂ ಹೆಚ್ಚು! ಟೂ ಸ್ಟ್ರೋಕ್ ಆದ್ದರಿಂದ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಸಲ. ಇದನ್ನು ತಡೆಯೋದು ಪೇಸ್ಟ್ ಅಲ್ಲ, ಸ್ಟಡ್ಡುಗಳ ಬಿಗಿತ. ಪೇಸ್ಟ್ ಬರೀ ಒಂದು ರಬ್ಬರ್ ಪದರ. ಬೆಂಕಿ ತಾಗುವ ಅಂಚಿನಲ್ಲಿ ಅದು ಸುಟ್ಟುಹೋಗುತ್ತದೆ.

ಇನ್ನೊಂದು ತೊಂದರೆ ನನಗೆ ಹೊಳೆದೇ ಇರಲಿಲ್ಲ. ಹೆಡ್ ಅಲ್ಯೂಮಿನಿಯಂ, ಬ್ಯಾರೆಲ್ ಬೀಡು ಕಬ್ಬಿಣ. ಬಿಸಿಯಾದಾಗ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಪ್ರತಿ ಸಲ ಇಂಜಿನ್ ಕಾದು ತಣ್ಣಗಾಗುವಾಗಲೂ ಎರಡು ಮುಖಗಳು ಒಂದರ ಮೇಲೊಂದು ಕೊಂಚ ಜರುಗುತ್ತವೆ. ಪೇಸ್ಟ್ ಅಲ್ಲೇ ಹರಿಯುತ್ತದೆ. ಲೋಹದ ತೆಳು ಗ್ಯಾಸ್ಕೆಟ್ ಆದರೆ ಈ ಜರುಗಾಟ ತಾಳಿಕೊಳ್ಳುತ್ತದೆ, ಎರಡೂ ಮುಖ ಸಪಾಟಾಗಿದ್ದರೆ.

ನಮ್ಮದು ಸಪಾಟಾಗಿರಲಿಲ್ಲ. ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಅಂಟಿಸಿ, ಹೆಡ್ಡಿನ ಮುಖದ ತುಂಬ ಪೆನ್ನಿನಿಂದ ಗೆರೆ ಎಳೆದು, ಕನ್ನಡದ ೪ ಬರೆದಂತೆ ತಿರುವುತ್ತಾ ಉಜ್ಜಿದೆ. ಒಂದು ಬದಿಯ ಗೆರೆಗಳು ಮೊದಲೇ ಅಳಿಸಿದವು, ಇನ್ನೊಂದು ಬದಿಯವು ಹಾಗೇ ಉಳಿದವು. ತಗ್ಗು ಅಲ್ಲೇ. ಎಲ್ಲಾ ಗೆರೆ ಹೋಗುವ ತನಕ ಮಾತ್ರ ಉಜ್ಜಬೇಕು. ಹೆಚ್ಚಾದರೆ ಕಂಪ್ರೆಷನ್ ಏರಿ ಇಂಜಿನ್ ಕುಟ್ಟತೊಡಗುತ್ತದೆ. ತಾಮ್ರದ ಗ್ಯಾಸ್ಕೆಟ್ಟನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ, ಮೆದುವಾಯಿತು. (ಉಕ್ಕಿಗೆ ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ ಅಂತ ಲ್ಯಾಬಲ್ಲಿ ಕಲಿತದ್ದು ನೆನಪಿದೆಯಲ್ಲ?)

ಬಿಗಿಯುವಾಗ ಎದುರುಬದುರು ನಟ್, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದಲೇ. ಎಷ್ಟು ಅಂತ ಮ್ಯಾನ್ಯುಯಲ್ ನೋಡಿ. 8 ಮಿಮೀ ಸ್ಟಡ್ಡಿಗೆ 20 ನ್ಯೂಟನ್ ಮೀಟರ್ ಕೊಟ್ಟರೆ ಹಿಡಿತ ಸುಮಾರು 12,500 ನ್ಯೂಟನ್. ಅದೇ ಥ್ರೆಡ್ಡಿಗೆ ಎಣ್ಣೆ ಬಿದ್ದಿದ್ದರೆ 16,000 ದಾಟಬಹುದು. ಸ್ಟಡ್ ಕಿತ್ತು ಬರೋದು ಹೀಗೇ. ಒಮ್ಮೆ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಟಾರ್ಕ್ ನೋಡಬೇಕು.

ಚುಸ್ ಸದ್ದು ನಿಂತಿತು. ಆದರೂ ದೊಡ್ಡಪ್ಪ ಒಂದು ವಾರ ಗಾಡಿಯ ಮೇಲೆ ಖಾಲಿ ಚೀಲ ಮಾತ್ರ ಹೇರಿದರು.