ಬರೆದದ್ದು ಹುಡುಕುವವರ ಕೈಗೆ ಸಿಗಲಿ

ಲೆಮ್ಮಿ, ಮಾಸ್ಟೊಡಾನ್ ಅಂತ ನಿಮ್ಮದೇ ಸರ್ವರ್ ಇಟ್ಟುಕೊಂಡು, ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ಚರ್ಚೆ ನಡೆಸುತ್ತೀರಿ. ನೋಡಿದರೆ ಹೆಮ್ಮೆಯಾಗುತ್ತದೆ. ಆದರೆ ಅಲ್ಲಿನ ಒಳ್ಳೊಳ್ಳೆಯ ಉತ್ತರಗಳು ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದೇ ಇಲ್ಲವಲ್ಲ! ಈ ಜಾಲಕ್ಕೆ ಹೆಡ್ ಆಫೀಸ್ ಇಲ್ಲ, ನಿಮ್ಮ ಪರವಾಗಿ ಇದನ್ನೆಲ್ಲ ನೋಡಿಕೊಳ್ಳುವವರೂ ಇಲ್ಲ. ಹಾಗಾಗಿ ಇಷ್ಟು ನೆನಪಿಟ್ಟುಕೊಳ್ಳಿ.

• ತಲೆಬರಹ ಪೂರ್ತಿ ಬರೆಯಿರಿ. ‘ದಯವಿಟ್ಟು ಸಹಾಯ ಮಾಡಿ’ ಅಂತ ಯಾರೂ ಹುಡುಕುವುದಿಲ್ಲ. ‘ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಯಾವಾಗ ಹೊಡೆಯಬೇಕು?’ ಅಂತಿದ್ದರೆ ತೋಟದವರು ನೇರ ಅಲ್ಲಿಗೇ ಬರುತ್ತಾರೆ. ಲೆಮ್ಮಿಯಲ್ಲಿ ತಲೆಬರಹಕ್ಕೆ 200 ಅಕ್ಷರದಷ್ಟು ಜಾಗವಿದೆ, ಜಿಪುಣತನ ಬೇಡ.

• ಕನ್ನಡವನ್ನು ಯೂನಿಕೋಡ್‌ನಲ್ಲೇ ಹಾಕಿ. ಹಳೆಯ ನುಡಿ ಫಾಂಟಿನ ಕಡತದಿಂದ ಹಾಗೇ ಅಂಟಿಸಿದರೆ ಸರ್ಚ್ ಎಂಜಿನ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮೊದಲು ಪರಿವರ್ತಿಸಿಕೊಳ್ಳಿ.

• ಸ್ಕ್ರೀನ್‌ಶಾಟ್ ಹಾಕಿ ಸುಮ್ಮನಾಗಬೇಡಿ. ಅದರಲ್ಲಿರುವುದನ್ನು ಎರಡು ಸಾಲು ಟೈಪ್ ಮಾಡಿ, ಆಲ್ಟ್ ಟೆಕ್ಸ್ಟ್ ತುಂಬಿ. ಕಣ್ಣು ಕಾಣದವರಿಗೂ ಉಪಕಾರವಾಗುತ್ತದೆ.

• ಬಾಟ್‌ಗಳು ಎಲ್ಲಿಗೆ ಬರಬಹುದೆಂದು ಹೇಳುವ ರೋಬಾಟ್ಸ್ ಕಡತವನ್ನು (robots.txt) ಒಮ್ಮೆ ತೆರೆದು ನೋಡಿ. ಎಐ ಬಾಟ್‌ಗಳ ಕಾಟ ತಾಳಲಾರದೆ ಎಲ್ಲರಿಗೂ ಬಾಗಿಲು ಹಾಕಿಬಿಟ್ಟಿದ್ದರೆ ಗೂಗಲ್‌ಬಾಟ್, ಬಿಂಗ್‌ಬಾಟ್ ಕೂಡ ಹೊರಗೇ ಉಳಿಯುತ್ತವೆ. ಬೇಡದವರನ್ನು ಹೆಸರು ಹಿಡಿದು ತಡೆಯಿರಿ.

• ಯಾವುದಾದರೂ ಪುಟ ಹುಡುಕಾಟದಲ್ಲಿ ಬರಬಾರದು ಅಂದರೆ ಅದಕ್ಕೆ ‘ನೋಇಂಡೆಕ್ಸ್’ ಹಾಕಿ, ಅದನ್ನೇ ರೋಬಾಟ್ಸ್ ಕಡತದಲ್ಲೂ ತಡೆಯಬೇಡಿ. ಒಳಗೆ ಬರಲಾಗದ ಬಾಟ್‌ಗೆ ನೋಇಂಡೆಕ್ಸ್ ಕಾಣುವುದಾದರೂ ಹೇಗೆ?

• ಮೂಲ ಯಾವುದೆಂದು ತಿಳಿಸಿ. ಈ ಸರ್ವರ್‌ಗಳನ್ನು ಬೆಸೆಯುವ ಆಕ್ಟಿವಿಟಿಪಬ್‌ನಲ್ಲಿ ಒಂದೇ ಬರಹದ ಪ್ರತಿಗಳು ಹತ್ತಾರು ಸರ್ವರ್‌ಗಳಲ್ಲಿ ಕೂತಿರುತ್ತವೆ. ಬೇರೆ ಕಡೆಯಿಂದ ನಿಮ್ಮಲ್ಲಿಗೆ ಬಂದ ಬರಹದ ಪುಟದಲ್ಲಿ ಮೂಲದ ವಿಳಾಸ ಹೇಳುವ ಕ್ಯಾನೊನಿಕಲ್ ಲಿಂಕ್ ಇದೆಯೇ ಅಂತ ಸೋರ್ಸ್ ತೆರೆದು ನೋಡಿ. ಇಲ್ಲದಿದ್ದರೆ ಸರ್ಚ್ ಎಂಜಿನ್ ತನಗೆ ತೋಚಿದ್ದನ್ನು ಮೂಲ ಅಂದುಕೊಳ್ಳುತ್ತದೆ. ಲಿಂಕ್ ಹಂಚುವಾಗಲೂ ಮೂಲದ್ದನ್ನೇ ಹಂಚಿ.

• ಸೈಟ್‌ಮ್ಯಾಪ್ ಮಾಡಿ ಗೂಗಲ್‌ನ ಸರ್ಚ್ ಕನ್ಸೋಲ್‌ಗೆ ಕೊಡಿ. ಒಂದು ಕಡತದಲ್ಲಿ 50,000 ವಿಳಾಸ ಹಿಡಿಸುತ್ತದೆ, ಕಾಸೂ ಖರ್ಚಿಲ್ಲ.

• ಜಾವಾಸ್ಕ್ರಿಪ್ಟ್ ಆಫ್ ಮಾಡಿ ನಿಮ್ಮ ಪುಟ ತೆರೆಯಿರಿ. ಖಾಲಿ ಕಂಡರೆ ಬರಹ ಸರ್ವರ್‌ನಿಂದಲೇ ಬರುವಂತೆ ಮಾಡಿ. ಗೂಗಲ್ ಸ್ಕ್ರಿಪ್ಟ್ ಓಡಿಸಿ ಓದಿಕೊಳ್ಳುತ್ತದೆ, ಎಲ್ಲ ಸರ್ಚ್ ಎಂಜಿನ್‌ಗಳೂ ಅಷ್ಟು ಕಷ್ಟಪಡುವುದಿಲ್ಲ.

• ಪುಕ್ಕಟೆ ಡೊಮೇನ್ ನೆಚ್ಚಿಕೊಳ್ಳಬೇಡಿ. 2023ರಲ್ಲಿ ಮಾಲಿ ದೇಶ ತನ್ನ ಡಾಟ್ ಎಂಎಲ್ ವಿಳಾಸಗಳ ಉಸ್ತುವಾರಿ ವಾಪಸ್ ತೆಗೆದುಕೊಂಡಾಗ ಒಂದು ಲೆಮ್ಮಿ ಸರ್ವರ್ ತನ್ನ ವಿಳಾಸವನ್ನೇ ಕಳೆದುಕೊಂಡಿತು. ವರ್ಷಕ್ಕೆ ನಾಲ್ಕು ಕಾಸು ಹೋಗಲಿ, ನವೀಕರಣದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ವಿಳಾಸ ಬದಲಿಸಿದರೆ ಹಳೆಯದಕ್ಕೆ 301 ರೀಡೈರೆಕ್ಟ್ ಇಡಿ, ಹಳೆಯ ಲಿಂಕ್ ಹಿಡಿದು ಬಂದವರು ಬರಿಗೈಲಿ ಹೋಗಬಾರದು.

• ಇನ್ನೊಬ್ಬರ ಇಷ್ಟ ಕೇಳಿ. ಮಾಸ್ಟೊಡಾನ್ 4.2ರಿಂದ ಅದರೊಳಗಿನ ಹುಡುಕಾಟಕ್ಕೆ ಒಪ್ಪಿಗೆ ಕೊಟ್ಟವರ ಬರಹವಷ್ಟೇ ಎಲ್ಲರಿಗೂ ಸಿಗುತ್ತದೆ. ಗೂಗಲ್‌ನಂಥವಕ್ಕೆ ಬೇರೆಯೇ ಆಯ್ಕೆಯಿದೆ. ಎರಡನ್ನೂ ಸದಸ್ಯರಿಗೆ ತಿಳಿಸಿ ಹೇಳಿ. ಕೆಲವರಿಗೆ ಕಾಣಿಸಿಕೊಳ್ಳದಿರುವುದೇ ನೆಮ್ಮದಿ.

• ತಿಂಗಳಿಗೊಮ್ಮೆ ನೀವೇ ಹುಡುಕಿ ನೋಡಿ. ಮಾಮೂಲಿ ಜನ ಕೇಳುವ ಹಾಗೆ ನಾಲ್ಕು ಪದ ಹಾಕಿ. ಸಿಗದಿದ್ದರೆ ಮತ್ತೆ ತಲೆಬರಹದಿಂದ ಶುರು ಮಾಡಿ, ಹೆಚ್ಚಿನ ಸಲ ತಪ್ಪಿರುವುದು ಅಲ್ಲೇ.